ಎಂಸಿಬಿಗೆ ದಾರ ಕಟ್ಟಿದ ಸಾಹೇಬರು

ವಿಜಯವಾಡದ ಬ್ಯಾಂಕೊಂದರಲ್ಲಿ ಸಾಲದ ಅರ್ಜಿ ನೋಡುವ ಅಧಿಕಾರಿ ನಾನು, ಧಾರವಾಡದ ನಂದೀಶ್. ನೋಡುವುದು ಅಂದರೆ ಹೆಚ್ಚಾಗಿ ‘ಆಗೋದಿಲ್ಲ’ ಅನ್ನುವುದು. ಇದರಲ್ಲೇ ತಲೆಗೂದಲು ಕಳೆದುಕೊಂಡವನಿಗೆ ಮನೆಯ ಎಂಸಿಬಿ, ಅಂದರೆ ಮಿತಿ ಮೀರಿದರೆ ಕರೆಂಟು ಕಡಿಯುವ ಸ್ವಿಚ್ಚು, ಅರ್ಥವಾಗಬೇಕಿತ್ತು. ಅದರ ಕಸುಬೂ ಅದೇ. ಆದರೆ ನನಗೇ ಯಾರಾದರೂ ‘ಆಗೋದಿಲ್ಲ’ ಅಂದರೆ ಮೈಯೆಲ್ಲ ಉರಿಯುತ್ತದೆ.

2006ರ ಮೇ ತಿಂಗಳು. ಹೆಂಡತಿ ಚಿತ್ರಾ ಮೊದಲೇ ಹೇಳಿಬಿಟ್ಟಿದ್ದಳು: “ಮನಿ ತಣ್ಣಗಿದ್ರ ಇರ್ತೀನ್ರಿ. ಇಲ್ಲಾಂದ್ರ ಅಪೂರ್ವಾನ್ನ ಕರ್ಕೊಂಡು ಊರಿಗೆ ಹೋಗ್ತೀನಿ.” ರೈಲಿನ ಟಿಕೆಟ್ಟೂ ಆಗಿತ್ತು, ಸೂಟ್‌ಕೇಸೂ ತುಂಬಿತ್ತು. ಹೆಂಡತಿ, ಮಗಳು ಇಲ್ಲದ ಮನೆ ನನಗೆ ಆಗಿಬರುವುದಿಲ್ಲ. ಹೆದರಿ ಎಸಿ ತಂದೆ.

ಕೆಳಗಿನ ನಮ್ಮ ಬಾಡಿಗೆ ಪೋರ್ಷನ್‌ಗೆಲ್ಲ ಒಂದೇ ಎಂಸಿಬಿ. ಎಸಿ ಓಡುವಾಗ ಚಿತ್ರಾ ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ಸ್ವಲ್ಪ ಹೊತ್ತಿಗೆ ಅದು ಟಪ್ಪನೆ ಬೀಳುತ್ತಿತ್ತು. ಕಾರಣ ಗೊತ್ತಿಲ್ಲದೆ ಇರಲಿಲ್ಲ. ಮಿತಿ ಮೀರಿ ಕರೆಂಟು ಹರಿದರೆ ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಹಿಡಿ ಕೆಳಗೆ ಬೀಳುತ್ತದೆ. ಶಾರ್ಟ್ ಆದರಂತೂ ಅಷ್ಟೂ ತಡವಿಲ್ಲ, ತಂತಿಯ ಸುರುಳಿಯೇ ಅಯಸ್ಕಾಂತವಾಗಿ ಥಟ್ಟನೆ ಬೀಳಿಸುತ್ತದೆ. ಗೋಡೆಯೊಳಗಿನ ತಂತಿ ಸುಟ್ಟು ಬೆಂಕಿ ಹತ್ತದಿರಲಿ ಎಂದೇ ಈ ಏರ್ಪಾಡು. ಇಷ್ಟನ್ನೂ ಚಿತ್ರಾಳಿಗೆ ಪಾಠ ಮಾಡಿ, ಹಿಡಿಯನ್ನು ಮೇಲಕ್ಕೆತ್ತಿ ದಾರದಿಂದ ಬಿಗಿದು ಕಟ್ಟಿದೆ.

ಮತ್ತೆ ಇಸ್ತ್ರಿ ಶುರುವಾಗಿ ಸ್ವಲ್ಪ ಹೊತ್ತಿಗೆ ಎಸಿ ನಿಂತಿತು, ಫ್ಯಾನೂ ನಿಂತಿತು. ಹೋಗಿ ನೋಡಿದರೆ ಹಿಡಿ ಮೇಲೇ ಇತ್ತು. ಊರಿನ ಕರೆಂಟೇ ಹೋಗಿದೆ ಎಂದು ತೀರ್ಪು ಕೊಟ್ಟೆ. ಬೀಸಣಿಗೆ ಹಿಡಿದು ಕೂತು ಇಲಾಖೆಯವರಿಗೆ ಬಾಯಿಗೆ ಬಂದಂತೆ ಬೈದೆ. ಮಹಡಿಯಲ್ಲಿ ಮನೆಯೊಡತಿ ಅನ್ನಪೂರ್ಣಮ್ಮ ಆವಕಾಯಿ ಉಪ್ಪಿನಕಾಯಿಗೆ ಸಾಸಿವೆ ಪುಡಿ ಮಾಡುತ್ತಿದ್ದರು, ಮಿಕ್ಸಿ ಗರಗರ ಅನ್ನುತ್ತಲೇ ಇತ್ತು. ಅದೂ ನನ್ನ ಕಿವಿಗೆ ಬೀಳಲಿಲ್ಲ.

“ಮ್ಯಾಲೆ ಮಿಕ್ಸಿ ಏನು ಗಾಳಿಗೆ ತಿರುಗಾಕತ್ತೇತೇನ್ರಿ?” ಅಂದಳು ಚಿತ್ರಾ.

ಹಿಡಿಯನ್ನು ಎಷ್ಟೇ ಬಿಗಿದು ಕಟ್ಟಿದರೂ ಎಂಸಿಬಿ ಒಳಗಿಂದೊಳಗೇ ಕಳಚಿಕೊಳ್ಳುತ್ತದಂತೆ. ನನ್ನಂಥವರು ಹುಟ್ಟುತ್ತಾರೆಂದು ಅದನ್ನು ಮಾಡಿದವರಿಗೆ ಮೊದಲೇ ಗೊತ್ತಿತ್ತು.

ಚಿತ್ರಾ ಕತ್ತರಿ ತಂದು ದಾರ ಕತ್ತರಿಸಿದಳು. ಇಸ್ತ್ರಿಯ ಪ್ಲಗ್ ಕಿತ್ತಳು. ಆಮೇಲೆ ಸೂಟ್‌ಕೇಸ್ ಎಳೆದಳು. ಹೊರಟೇಬಿಟ್ಟಳು ಅಂದುಕೊಂಡೆ. ಅವಳು ಅದರಿಂದ ಅಪೂರ್ವಾಳ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬೀರುವಿನಲ್ಲಿ ಜೋಡಿಸತೊಡಗಿದಳು.

“ಊರಿಗೆ ಹೋಗೂದಿಲ್ಲೇನು?” ಎಂದು ಮೆಲ್ಲಗೆ ಕೇಳಿದೆ.

“ನಿಮ್ಮನ್ನ ಒಬ್ಬರನ್ನ ಬಿಟ್ಟು ಹ್ಯಾಂಗ ಹೋಗ್ಲಿ? ತಿರುಗಿ ಬರೂದ್ರಾಗ ಮನಿ ಇರಬೇಕಲ್ಲ.”