ಮೊದಲು ರಾಗಿ, ಆಮೇಲೆ ರಾಗ

ಸಿಹಿ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಹಿಂದಿನ ಕತೆ ಆಮೇಲೆ. ನಮ್ಮ ಮನೆಗೆ ಬಂದಿದ್ದ ಗಿಟಾರು ನಮ್ಮ ಮನೆಯಲ್ಲೇ ಉಳಿಯಿತು! ನನ್ನ ಮೊಮ್ಮಗಳು ಮೇಘನಾ ಇವತ್ತು ಬೆಳಿಗ್ಗೆ ಹನ್ನೆರಡು ಪೆಟ್ಟನ್ನೂ ಒಂದೂ ತಪ್ಪದೆ ಬಾರಿಸಿದಳು. ಅವಳ ಹಿಂದೆಯೇ ನಾನೂ ಬಾರಿಸಿದೆ. ನನ್ನದರಲ್ಲಿ ಎರಡು ತಪ್ಪಿತು, ಆದರೆ ಹತ್ತು ಬಿತ್ತಲ್ಲ! ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು ನಾನು. ಹನ್ನೆರಡಕ್ಕೆ ಹತ್ತು ಎಂಬ ಮಾರ್ಕು ನನ್ನ ಜನ್ಮದಲ್ಲೇ ಬಂದದ್ದಿಲ್ಲ.

ಇದು ಪಾರ್ಕಿನಲ್ಲಿ ಹುಡುಗರು ಸಿನಿಮಾ ಹಾಡಿಗೆ ಬಾರಿಸುವ ಗಿಟಾರಲ್ಲ. ಫ್ಲಮೆಂಕೊ ಎಂದು, ಸ್ಪೇನ್ ದೇಶದ್ದು. ಆ ಹೆಸರು ನನ್ನ ನಾಲಿಗೆಗೆ ಹತ್ತಲು ಒಂದು ವಾರ ಹಿಡಿಯಿತು. ನನ್ನ ಹೆಂಡತಿ ಗೌರಮ್ಮ ಅಷ್ಟು ಕಷ್ಟಪಡಲಿಲ್ಲ. ಬಾಯಿಗೆ ಸಿಕ್ಕಿದ ಕೊನೆಯ ತುಂಡನ್ನು ಹಿಡಿದು ‘ಮಂಕು’ ಎಂದು ಕರೆದುಬಿಟ್ಟಳು. “ಬನ್ರೀ, ಟೀವೀಲಿ ನಿಮ್ಮ ಮಂಕು ಶುರುವಾಯ್ತು” ಎಂದು ಅಡಿಗೆಮನೆಯಿಂದಲೇ ಕೂಗುತ್ತಾಳೆ. ಕೆಳಗಿನ ಮನೆಯವರು ಏನೆಂದುಕೊಂಡಿದ್ದಾರೋ.

ನಮ್ಮ ವಿಜಯನಗರ ಬಡಾವಣೆಯಲ್ಲಿ ವೀಣೆ ಹೇಳಿಕೊಡುವವರಿದ್ದಾರೆ, ಕೀಬೋರ್ಡಿನವರಂತೂ ರಸ್ತೆಗೊಬ್ಬರು. ಮಂಕಿಗೆ ಮಾತ್ರ ಮೇಷ್ಟ್ರಿಲ್ಲ. ಆದ್ದರಿಂದ ನಮ್ಮ ಮೇಷ್ಟ್ರು ಮೂರು ಸಿ.ಡಿ.ಗಳ ಒಳಗೆ ವಾಸವಾಗಿದ್ದಾರೆ. ಮೇಘನಾಳ ಕಾಲೇಜಿನ ದೊಡ್ಡ ಕ್ಲಾಸಿನ ಹುಡುಗಿಯೊಬ್ಬಳು ಗಿಟಾರನ್ನೂ ಸಿ.ಡಿ.ಗಳನ್ನೂ ಒಟ್ಟಿಗೆ ಕಲಿಯಲು ಕೊಟ್ಟಿದ್ದಳು. ಬೋಳುತಲೆಯ ಸ್ಪೇನಿನ ಮನುಷ್ಯ, ಟೀವಿಯಲ್ಲಿ ಕಾಣಿಸಿಕೊಂಡು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಾರೆ. ಮೇಘನಾ ನನಗೆ ಕನ್ನಡದಲ್ಲಿ ಹೇಳುತ್ತಾಳೆ. ನೂರು ಸಲ ಕೇಳಿದರೂ ಸಿಡುಕದೆ ಅದೇ ನಗುಮುಖದಲ್ಲಿ ಹೇಳಿಕೊಡುವ ಮೇಷ್ಟ್ರನ್ನು ನಾನು ಕಂಡದ್ದು ಇದೇ ಮೊದಲು. ಒಮ್ಮೊಮ್ಮೆ ಸಿ.ಡಿ. ಸಿಕ್ಕಿಕೊಂಡು, ಪಾಪ, ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಡುತ್ತಾರೆ. ಆಗ ಅವರನ್ನು ಹೊರಗೆ ತೆಗೆದು, ಪಂಚೆಯ ತುದಿಯಿಂದ ಮೈ ಒರೆಸಿ, ಮತ್ತೆ ಒಳಗೆ ಕಳಿಸುವುದು ನನ್ನ ಗುರುಸೇವೆ.

ಈ ವಾದ್ಯಕ್ಕೆ ಬಲಗೈಯ ಉಗುರು ಬೇಕು. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ತಂತಿಗಳ ಮೇಲೆ ಹೊರಕ್ಕೆ ಕೊಡವಬೇಕು, ಕೈಗೆ ಅಂಟಿದ ಮುದ್ದೆ ಹಿಟ್ಟನ್ನು ಕೊಡವುವ ಹಾಗೆ. ಅದು ನನಗೆ ಬೇಗ ಬಂತು, ಅಭ್ಯಾಸವಿತ್ತು. ಉಗುರು ಬಿಟ್ಟಿದ್ದನ್ನು ಕಂಡ ಪಾರ್ಕಿನ ಗೆಳೆಯರು, “ಏನ್ ಗೌಡ್ರೇ, ನರಸಿಂಹಾವತಾರನಾ? ಯಾರ ಹೊಟ್ಟೆ ಬಗೀತೀರಿ?” ಎಂದರು. ನಾನು ನಕ್ಕು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಕಲಿಯುತ್ತಿದ್ದೇನೆ ಎನ್ನಲು ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಇದೆ ಎಂದು ಧೈರ್ಯವಾಗಿ ಹೇಳಬಹುದು, ಆಸೆ ಇದೆ ಎಂದು ಹೇಳುವುದು ಕಷ್ಟ.

ಆಸೆ ಹಳೆಯದು. ಆಗ ನಮ್ಮ ಹೊಲ ನಾಯಂಡಹಳ್ಳಿಯ ಕಡೆಗಿತ್ತು. ಸುಗ್ಗಿಯಲ್ಲಿ ನಮ್ಮ ಕಣಕ್ಕೆ ಏಕತಾರಿ ಹಿಡಿದ ಒಬ್ಬ ಮುದುಕ ಬರುತ್ತಿದ್ದ. ಒಂದೇ ತಂತಿ, ಅದರಲ್ಲಿ ಎಷ್ಟು ದುಃಖ! ಒಮ್ಮೆ ಅವನು ನೀರು ಕುಡಿಯಲು ಹೋದಾಗ ಮೆಲ್ಲಗೆ ಆ ತಂತಿ ಮುಟ್ಟಿದೆ. ಕೊಳಗದಲ್ಲಿ ರಾಶಿ ಅಳೆಯುತ್ತಿದ್ದ ಅಪ್ಪ ತಲೆ ಎತ್ತದೆಯೇ, “ಲೋ, ಚೀಲ ಹಿಡ್ಕೊ ಬಾರೋ. ಮೊದ್ಲು ರಾಗಿ, ಆಮೇಲೆ ರಾಗ” ಎಂದರು. ನಾನು ಚೀಲದ ಬಾಯಿ ಹಿಡಿದು ನಿಂತೆ. ಅಪ್ಪ ಹೇಳಿದ ಆ ‘ಆಮೇಲೆ’ಯನ್ನು ಕಾಯುತ್ತ ಮದುವೆಯಾಯಿತು, ಮಗನಾದ, ಮೊಮ್ಮಗಳಾದಳು. ಕಣವಿದ್ದ ಜಾಗದಲ್ಲಿ ಈಗ ಗೋಡೌನು. ಬಸ್ಸಿನಲ್ಲಿ ಆ ಕಡೆ ಹೋದಾಗಲೆಲ್ಲ ಕಿಟಕಿಯಿಂದ ಇಣುಕುತ್ತೇನೆ, ಮುದುಕ ಇನ್ನೂ ನೀರು ಕುಡಿಯುತ್ತಿದ್ದಾನೇನೋ ಎಂಬಂತೆ.

ಅದಕ್ಕೇ ಟೀವಿಯಲ್ಲಿ ಮೊದಲ ಸಲ ಮಂಕಿನ ಹಾಡು ಕೇಳಿದಾಗ ಎದೆ ಝಲ್ಲೆಂದಿತು. ಹಾಡುವವನು ‘ಅಯ್...’ ಎಂದು ಎಳೆಯುತ್ತಾನೆ. ನಮ್ಮ ಅಯ್ಯೋಗಿಂತ ಒಂದು ಅಕ್ಷರ ಕಡಿಮೆ, ಸಂಕಟ ಅಷ್ಟೇ. ಆ ದೇಶದಲ್ಲಿ ಕಣ ತುಳಿಸುವಾಗ ಹಾಡುವ ಹಾಡುಗಳೂ ಇವೆಯಂತೆ. ಮೇಘನಾ ಸಿ.ಡಿ. ಜೊತೆಗಿನ ಪುಸ್ತಕದಲ್ಲಿ ಓದಿ ಹೇಳಿದಳು. ಅಷ್ಟು ದೂರದಲ್ಲೂ ಯಾರೋ ಒಬ್ಬ ಹುಡುಗ ಚೀಲ ಹಿಡಿದು ನಿಂತಿರಬೇಕು!

ಎಲ್ಲ ಚೆನ್ನಾಗಿತ್ತು, ಎರಡನೇ ಸಿ.ಡಿ.ಯ ತನಕ. ಅಲ್ಲಿ ಹನ್ನೆರಡು ಎಣಿಕೆಯ ತಾಳ ಬಂತು, ಅದರಲ್ಲಿ ಐದು ಪೆಟ್ಟು ಜೋರು. ಮೇಷ್ಟ್ರು ಎಣಿಕೆಯನ್ನು ಒಂದರಿಂದ ಶುರುಮಾಡುವುದಿಲ್ಲ, ಹನ್ನೆರಡರಿಂದ ಶುರುಮಾಡುತ್ತಾರೆ. ಹನ್ನೆರಡು, ಒಂದು, ಎರಡು, ಹೀಗೆ. ಮೇಘನಾ ಲೆಕ್ಕದಲ್ಲಿ ಜಾಣೆ, ಅದೇ ತೊಂದರೆಯಾಯಿತು. “ಕೊನೇದು ಮೊದಲು ಹೆಂಗೆ ಬರುತ್ತೆ ತಾತ? ತಲೆ ಕೆಡುತ್ತೆ” ಎನ್ನುತ್ತಿದ್ದಳು. ಎರಡು ತಿಂಗಳು ಹೀಗೇ ಆಯಿತು. ದಿನವೂ ಬಾರಿಸುವಳು, ದಿನವೂ ದಾರಿ ತಪ್ಪುವಳು. ಹೋದ ವಾರ ಕಣ್ಣು ಒರೆಸಿಕೊಂಡು, “ನನ್ ಕೈಲಾಗಲ್ಲ ತಾತ. ಗಿಟಾರ್ ಕೊಟ್ಟ ಅಕ್ಕ ಭಾನುವಾರ ಬಂದು ತಗೊಂಡ್ ಹೋಗ್ತಾರೆ, ಫೋನ್ ಮಾಡಿದೀನಿ” ಎಂದಳು. “ಹೋಗಲಿ ಬಿಡಮ್ಮ” ಎಂದೆ. ನನ್ನ ಆಸೆಯೂ ಆ ಗಿಟಾರಿನ ಚೀಲದೊಳಗೇ ಹೋಗುತ್ತದೆ ಎಂದು ಮಗುವಿಗೆ ಹೇಗೆ ಹೇಳಲಿ?

ಭಾನುವಾರವೆಂದರೆ ಇವತ್ತು. ಬೆಳಿಗ್ಗೆ ಅವಳು ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದಳು. ಸಿ.ಡಿ. ವಾಪಸು ಕೊಡುವ ಮೊದಲು ಒಂದು ಸಲ ನೋಡುತ್ತೇನೆ ಎಂದು ಹಾಕಿಸಿಕೊಂಡೆ. ಮೇಷ್ಟ್ರು ಚಪ್ಪಾಳೆ ತಟ್ಟತೊಡಗಿದರು. ಅಡಿಗೆಮನೆಯಲ್ಲಿ ಗೌರಮ್ಮ ಮಿಲ್ಲಿಗೆ ಕಳಿಸಲು ರಾಗಿಯನ್ನು ಸೇರಿನಲ್ಲಿ ಅಳೆದು ಡಬ್ಬಕ್ಕೆ ಸುರಿಯುತ್ತಿದ್ದಳು. “ಲಾಭ... ಎರಡು... ಮೂರು... ನಾಲ್ಕು...”

ನಮ್ಮಲ್ಲಿ ಧಾನ್ಯ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ನಮ್ಮಪ್ಪ ಏಳು ಎಂದೂ ಹೇಳುತ್ತಿರಲಿಲ್ಲ. ರಾಶಿಯ ಮುಂದೆ ಏಳು ಎಂದರೆ ಲಕ್ಷ್ಮಿಗೆ ಎದ್ದು ಹೋಗು ಎಂದಂತೆ. ಆರಾದ ಮೇಲೆ ‘ಮತ್ತೊಂದು’ ಎನ್ನುತ್ತಿದ್ದರು. ಸೊಸೆಯಾಗಿ ಬಂದ ಗೌರಮ್ಮನೂ ಅದನ್ನೇ ಕಲಿತಳು. ಅವಳ ಲಾಭಕ್ಕೆ ಸರಿಯಾಗಿ ಟೀವಿಯಲ್ಲಿ ಜೋರು ಚಪ್ಪಾಳೆ ಬಿತ್ತು! ನಾಲ್ಕಕ್ಕೆ ಇನ್ನೊಂದು, ‘ಮತ್ತೊಂದು’ ಎಂದದ್ದಕ್ಕೆ ಇನ್ನೊಂದು, ಒಂಬತ್ತಕ್ಕೆ, ಹನ್ನೊಂದಕ್ಕೆ. ಕಣದಲ್ಲಿ ಅಪ್ಪನೇ ಕೂಗುತ್ತಿದ್ದ ಹಾಗಿತ್ತು.

“ಇನ್ನೊಂದ್ಸಲ ಅಳಿಯೇ!” ಎಂದು ಕೂಗಿದೆ.

“ಅಳೆದಿದ್ದನ್ನ ಮತ್ತೆ ಅಳೀಬೇಕಾ? ಮಂಕು ಹಿಡೀತಾ ನಿಮಗೆ?”

“ಅಳಿ ಮಾರಾಯ್ತಿ. ಮೇಘನಾ, ಗಿಟಾರ್ ತೆಗಿ. ಹನ್ನೆರಡು ಮರ್ತುಬಿಡು. ಮೊದಲನೇದಕ್ಕೆ ಲಾಭ ಅನ್ನು!”

ಗೌರಮ್ಮ ಬೈಯುತ್ತಲೇ ಅಳೆದಳು. ಮೇಘನಾ ಅರೆನಂಬಿಕೆಯಿಂದ ಬಾರಿಸಿದಳು. ಮೂರನೇ ಸಲ ಅಳೆಯುವ ಹೊತ್ತಿಗೆ ತಾಳ ಕೂತಿತು. ಅವಳು ಗಿಟಾರು ಹಿಡಿದುಕೊಂಡೇ ನನ್ನನ್ನು ತಬ್ಬಿಕೊಂಡಳು. ನನ್ನ ಪಕ್ಕೆಲುಬು ಇನ್ನೂ ನೋಯುತ್ತಿದೆ, ಹಿತವಾಗಿದೆ. ಮಧ್ಯಾಹ್ನ ಗಿಟಾರು ಒಯ್ಯಲು ಬಂದ ಹುಡುಗಿ ಕೇಳಿ ಬೆರಗಾಗಿ, “ಇಟ್ಕೊ ಕಣೇ, ನಂಗೆ ಈ ತಾಳ ಬರಲೇ ಇಲ್ಲ” ಎಂದು ಬರಿಗೈಯಲ್ಲಿ ಹೋದಳು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅದೇ ರಾಗಿಯ ಹಿಟ್ಟಿನ ಬಿಸಿ ಮುದ್ದೆ, ಬಸ್ಸಾರು. ಮಗ ಕುಮಾರ ಊಟಕ್ಕೆ ಕೂತರೆ ಐದು ನಿಮಿಷಕ್ಕೆ ಏಳುವವನು. ಅವನೂ ಇವತ್ತು, “ಎಲ್ಲಿ ಅಪ್ಪ, ಹೆಂಗದು?” ಎಂದು ತಟ್ಟೆಯ ಅಂಚು ತಟ್ಟತೊಡಗಿದ. ಸೊಸೆ ಲತಾ ಲೋಟ ಕುಟ್ಟಿದಳು. ನಾನು ಉದ್ದನೆಯ ಉಗುರಿನ ಕೈಯೆತ್ತಿ ಎಣಿಸಿದೆ. ಲಾಭ, ಎರಡು, ಮೂರು, ನಾಲ್ಕು, ಐದು, ಆರು, “ಮತ್ತೊಂದು!”

“ತಗೊಳ್ಳಿ” ಎಂದು ಗೌರಮ್ಮ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

ಮನೆಯೆಲ್ಲ ನಕ್ಕಿತು. ಹೊಟ್ಟೆ ತುಂಬಿತ್ತು, ಆದರೂ ಮುರಿದು ಸಾರಿಗೆ ಅದ್ದಿದೆ. ಏಳು ಎಂದು ಯಾರೂ ಹೇಳಲಿಲ್ಲ. ಯಾರೂ ಏಳಲೂ ಇಲ್ಲ.