ಯೂಸುಫನ ಊರನ್ನು ದಾಟಿ ಹೋದವರು

ಕಳೆದ ವಾರ ನಮ್ಮ ಕೆಳಗಿನ ಫ್ಲ್ಯಾಟಿನ ಗಂಡ ಹೆಂಡತಿ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದರು. ಮಂಗಳೂರಿನಿಂದ ಕಾರಿನಲ್ಲೇ ಯುರೋಪಿಗೆ ಹೋಗಬೇಕೆಂದು ಅವರಿಗೆ ಆಸೆ. "ಅಂಕಲ್, ನೀವು ಹೋಗಿ ಬಂದವರಲ್ವಾ, ನಮಗೆ ಸ್ವಲ್ಪ ಹೇಳಿಕೊಡಿ" ಎಂದರು. ಇಂಥ ಮಾತು ಕೇಳಿದರೆ ನನ್ನ ಎದೆ ಉಬ್ಬುತ್ತದೆ. ವಯಸ್ಸು ಅರುವತ್ತಾದರೂ ಈ ಕಾಯಿಲೆ ವಾಸಿಯಾಗಿಲ್ಲ. ಕಪಾಟಿನ ಮೇಲಿಂದ ಹಳೆಯ ಫೈಲು ತೆಗೆದು ಬಿಡಿಸಿದೆ. ಒಳಗಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಜಾರಿ ಬಿತ್ತು. ನೀಲಿ ಶಾಯಿ, ದುಂಡಗಿನ ಕನ್ನಡ ಅಕ್ಷರ. ಗಡಿಯಲ್ಲಿ ಮೊದಲು ಯಾವ ಕಿಟಕಿಗೆ ಹೋಗಬೇಕು, ಹಿಮ ಬಿದ್ದ ರಸ್ತೆಯಲ್ಲಿ ಬ್ರೇಕು ಹೇಗೆ ತುಳಿಯಬೇಕು, ಆಮೇಲೆ ಟರ್ಕಿಯ ಮಾತುಗಳು: ನೀರಿಗೆ ಸು, ರೊಟ್ಟಿಗೆ ಎಕ್ಮೆಕ್, ಅಣ್ಣನಿಗೆ ಅಬಿ.

ಆ ಹುಡುಗಿ ಪುಟ ತಿರುಗಿಸುತ್ತಾ, "ಎಷ್ಟು ಚಂದ ಬರ್ದಿದ್ದೀರಿ! ಈ ಪ್ಲ್ಯಾನ್ ಎಲ್ಲ ನೀವೇ ಮಾಡಿದ್ದಾ?" ಎಂದು ಕೇಳಿದಳು.

"ಹೌದು" ಎಂದುಬಿಟ್ಟೆ.

ಅವರು ಹೋದ ಮೇಲೆ ಆ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಓದುವ ನಿಮ್ಮಿಂದ ಯಾಕೆ ಮುಚ್ಚಿಡಲಿ? ಆ ಅಕ್ಷರ ವಸಂತಣ್ಣನದು. ಪ್ಲ್ಯಾನೂ ಅವರದೇ. ಪ್ರಯಾಣ ಮಾತ್ರ ನನ್ನದು.

ಆಗ ನಾವು ಕಾವೂರಿನಲ್ಲಿದ್ದೆವು, ಕೆರೆಯ ಹತ್ತಿರ. ಬಲ್ಮಠದಲ್ಲಿ ನನ್ನ ಕನ್ನಡಕದ ಅಂಗಡಿ. ನಮ್ಮ ಪಕ್ಕದ ಮನೆಯೇ ವಸಂತಣ್ಣನದು. ಇಪ್ಪತ್ತೆರಡು ವರ್ಷ ಸೌದಿಯಲ್ಲಿ ಟ್ರೈಲರ್ ಓಡಿಸಿ ಊರಿಗೆ ಮರಳಿದವರು. ಜೋರ್ಡಾನ್, ಸಿರಿಯಾ ದಾಟಿ ಟರ್ಕಿಯವರೆಗೂ ಸರಕು ಸಾಗಿಸಿದವರು. ಆ ದೇಶಗಳ ವಿಷಯವನ್ನು ಅವರು ಮೂಡುಬಿದಿರೆ, ಕಾರ್ಕಳ ಎಂಬಷ್ಟು ಸಲೀಸಾಗಿ ಹೇಳುತ್ತಿದ್ದರು. ನಾನೋ, ಚಾರ್ಮಾಡಿ ಘಾಟಿಯಲ್ಲಿ ಲಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂರುವ ಜನ. ಆದರೆ ಕ್ಲಬ್ಬಿನಲ್ಲಿ ಒಂದು ದಿನ ಮಾತಿನ ಭರದಲ್ಲಿ, "ನಾನು ಕಾರಿನಲ್ಲಿ ಯುರೋಪಿಗೆ ಹೋಗ್ತೇನೆ" ಎಂದು ಹೇಳಿ ಆಗಿತ್ತು. ಹೇಳಿದ ಮೇಲೆ ಹೋಗಬೇಕಲ್ಲ. ವಸಂತಣ್ಣನ ಹತ್ತಿರ ಓಡಿದೆ. ಇಬ್ಬರೂ ಒಟ್ಟಿಗೆ ಹೋಗುವುದೆಂದು ಮಾತಾಯಿತು.

ಎರಡು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ಅವರು ನಮ್ಮ ಮನೆಗೆ ಬರುತ್ತಿದ್ದರು. ಊಟದ ಮೇಜಿನ ಮೇಲೆ ನಕ್ಷೆ ಹಾಸಿ ಅದರ ನಾಲ್ಕು ಮೂಲೆಗೆ ನಾಲ್ಕು ಲೋಟ ಇಡುವುದು. ಮುಂಬಯಿಯಿಂದ ಕಾರನ್ನು ಹಡಗಿನಲ್ಲಿ ದುಬೈಗೆ, ಅಲ್ಲಿಂದ ಇರಾನಿಗೆ, ಮತ್ತೆ ರಸ್ತೆಯಲ್ಲೇ ಟರ್ಕಿ, ಬಲ್ಗೇರಿಯಾ, ಮುಂದೆ ಜರ್ಮನಿ. ಮನುಷ್ಯರಿಗೆ ಪಾಸ್‌ಪೋರ್ಟ್ ಇದ್ದಂತೆ ಕಾರಿಗೂ ಕಾರ್ನೆಟ್ ಎಂಬ ಒಂದು ಪುಸ್ತಕ ಬೇಕು, ಪ್ರತಿ ಗಡಿಯಲ್ಲೂ ಅದಕ್ಕೆ ಮುದ್ರೆ ಬೀಳಬೇಕು ಎಂಬುದು ನನಗೆ ಗೊತ್ತಾದದ್ದೇ ಅವರಿಂದ. ನಮ್ಮೊಳಗಿನ ಮಾತೆಲ್ಲ ತುಳು. ಇಲ್ಲಿ ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಸಂತಣ್ಣನಿಗೆ ಜರ್ಮನಿ ಬೇಕಾಗಿರಲಿಲ್ಲ. ಅವರ ಬೆರಳು ನಕ್ಷೆಯಲ್ಲಿ ಟರ್ಕಿಯ ಮೂಡಣ ಭಾಗದ ಒಂದು ಸಣ್ಣ ಊರಿನ ಮೇಲೆ ನಿಲ್ಲುತ್ತಿತ್ತು. ಒಂದು ಚಳಿಗಾಲ ಅಲ್ಲಿ ಅವರ ಟ್ರೈಲರ್ ಹಿಮದಲ್ಲಿ ಕೆಟ್ಟು ನಿಂತಿತಂತೆ. ಜ್ವರ ಬಂದು ಕ್ಯಾಬಿನ್ನಿನಲ್ಲಿ ಬಿದ್ದಿದ್ದ ಇವರನ್ನು ಯೂಸುಫ್ ಎಂಬ ಇನ್ನೊಬ್ಬ ಲಾರಿ ಡ್ರೈವರ್ ಮನೆಗೆ ಕರೆದುಕೊಂಡು ಹೋಗಿ ಹನ್ನೆರಡು ದಿನ ಇಟ್ಟುಕೊಂಡನಂತೆ. "ಅವನ ತಾಯಿ ನನ್ನ ಕಾಲಿಗೆ ಬಿಸಿ ಇಟ್ಟಿಗೆ ಬಟ್ಟೆಯಲ್ಲಿ ಸುತ್ತಿ ಇಡ್ತಿದ್ರು ಶೆಟ್ರೇ. ಭಾಷೆ ಬರುವುದಿಲ್ಲ, ಜಾತಿ ಗೊತ್ತಿಲ್ಲ. ಒಮ್ಮೆ ಹೋಗಿ ಅವನ ಮುಖ ನೋಡಿ ಬರ್ಬೇಕು, ಅಷ್ಟೇ" ಎನ್ನುತ್ತಿದ್ದರು. ಅವನ ಫೋನ್ ನಂಬರು ಬದಲಾಗಿ ಎಷ್ಟೋ ಕಾಲವಾಗಿತ್ತು, ಇಂಗ್ಲಿಷಿನಲ್ಲಿ ಕಾಗದ ಬರೆಯಲು ಇವರಿಗೆ ಬಾರದು.

ಹೊರಡುವುದಕ್ಕೆ ಆರು ತಿಂಗಳಿರುವಾಗ ಕ್ಲಬ್ಬಿನ ಇಬ್ಬರು ಗೆಳೆಯರು ನಾವೂ ಬರುತ್ತೇವೆ ಎಂದರು. ಒಬ್ಬರಿಗೆ ಹೋಟೆಲು, ಇನ್ನೊಬ್ಬರು ಕಂಟ್ರಾಕ್ಟರ್. ಇಬ್ಬರೂ ನಮ್ಮವರೇ, ನೆಂಟಸ್ತಿಕೆಯೂ ಉಂಟು. ನಾಲ್ಕನೆಯ ಸೀಟಿನಲ್ಲಿ ಸಾಮಾನು ಇಡಬೇಕೆಂದು ಅವರ ವಾದ. ನಿಜವಾದ ಮಾತು ಹೋಟೆಲಿನವರ ಬಾಯಿಂದ ಬಂತು: "ಡ್ರೈವರ್ ಜನ ಮಾರಾಯ. ಎರಡು ತಿಂಗಳು ಒಂದೇ ರೂಮಲ್ಲಿ ಹೇಗೆ ಇರುವುದು? ಫೋಟೋ ಗೀಟೋ ಬರ್ತದೆ, ನಾಳೆ ಜನ ಎಂತ ಹೇಳ್ತಾರೆ?"

ನಾನು ಒಂದು ಮಾತು ಎದುರಾಡಬಹುದಿತ್ತು. ಆಡಲಿಲ್ಲ. ಸಣ್ಣದಾಗಿ ನಕ್ಕೆ ಕೂಡ.

ವೀಸಾಕ್ಕೆಂದು ವಸಂತಣ್ಣ ಪಾಸ್‌ಪೋರ್ಟನ್ನು ನನ್ನ ಕೈಗೆ ಕೊಟ್ಟಿದ್ದರು. ನಮ್ಮ ಮೂವರದ್ದು ಏಜೆಂಟನಿಗೆ ಹೋಯಿತು. ಅವರದು ಅಂಗಡಿಯ ಡ್ರಾಯರಿನಲ್ಲಿ ಒಂದೂವರೆ ತಿಂಗಳು ಮಲಗಿತು. ಆಮೇಲೆ ಒಂದು ಬೆಳಿಗ್ಗೆ ಅದನ್ನು ಹಿಂದೆ ಕೊಟ್ಟು, "ನಿಮ್ಮ ವೀಸಾ ಮಾತ್ರ ಆಗಲಿಲ್ಲ ವಸಂತಣ್ಣ, ವಯಸ್ಸಿನ ಲೆಕ್ಕದಲ್ಲಿ ರಿಜೆಕ್ಟ್ ಮಾಡಿದ್ರು" ಎಂದೆ. ಅವರು ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು ನೋಡಿದರು. "ಆಯ್ತು, ನೀವು ಹೋಗಿ ಬನ್ನಿ" ಎಂದರು. ಮಾರನೆಯ ಭಾನುವಾರ ಈ ನೋಟ್‌ಬುಕ್ ತಂದುಕೊಟ್ಟರು. ಹೊರಡುವ ದಿನ ಬೆಳಗ್ಗೆ ಬಂದು ಕಾರಿನಡಿ ಚಾಪೆ ಹಾಸಿ ಮಲಗಿ ಟಯರು, ಬ್ರೇಕು ಎಲ್ಲ ನೋಡಿದರು. ಕೊನೆಗೆ ಒಂದು ಗೋಡಂಬಿ ಪೊಟ್ಟಣ ನನ್ನ ಕೈಗಿಟ್ಟು, "ಯೂಸುಫನಿಗೆ. ವಸಂತ ಕೊಟ್ಟದ್ದು ಹೇಳಿ, ಅಷ್ಟು ಸಾಕು" ಎಂದರು.

ಆ ಗೋಡಂಬಿಯನ್ನು ನಾವು ಇರಾನ್ ಬಿಟ್ಟು ಟರ್ಕಿಗೆ ದಾಟುವ ಗಡಿಯ ಕ್ಯೂನಲ್ಲಿ ತಿಂದು ಮುಗಿಸಿದೆವು. ಮೂವರೂ ತಿಂದೆವು ಎಂದರೆ ನನ್ನ ತಪ್ಪು ಮೂರರಲ್ಲಿ ಒಂದು ಪಾಲು ಆಗುವುದಿಲ್ಲ. ಪೊಟ್ಟಣ ಬಿಚ್ಚಿದವ ನಾನು. ಎರಡು ದಿನ ಕಳೆದು ಯೂಸುಫನ ಊರಿನ ಬೋರ್ಡು ಕಂಡಿತು. ಮುಖ್ಯರಸ್ತೆಯಿಂದ ಎಡಕ್ಕೆ, ಒಂದು ಗಂಟೆಯ ದಾರಿಯೂ ಇರಲಿಲ್ಲ. "ಅಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎಂದರು ಕಂಟ್ರಾಕ್ಟರ್. ಸ್ಟಿಯರಿಂಗ್ ನನ್ನ ಕೈಯಲ್ಲೇ ಇತ್ತು. "ಎಂತ ಇಲ್ಲ" ಎಂದು ನೇರ ಹೋದೆ.

ಊರಿಗೆ ಮರಳಿದ ಮೇಲೆ ಸನ್ಮಾನ, ಶಾಲು, ಭಾಷಣ. ವಸಂತಣ್ಣ ಕಡೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಆಮೇಲೆ ಮೆಲ್ಲನೆ ಬಂದು, "ಯೂಸುಫ್ ಸಿಕ್ಕಿದನಾ?" ಎಂದರು. ಸಿಗಲಿಲ್ಲ ಎಂದೆ. ಮನೆ ಹುಡುಕಿದಿರಾ, ಪೆಟ್ರೋಲ್ ಪಂಪಿನ ಹಿಂದಿನ ಓಣಿ ಅಲ್ಲವಾ, ನೆರೆಯವರ ಹತ್ತಿರ ಕೇಳಿದಿರಾ ಎಂದು ಒಂದರ ಮೇಲೊಂದು ಪ್ರಶ್ನೆ. ಶಾಲು ಹೊದ್ದುಕೊಂಡು ಬೆವರುತ್ತಿದ್ದೆ. ಈ ಪ್ರಶ್ನೆಗಳು ನಿಂತರೆ ಸಾಕು ಎಂದು ನನ್ನ ಬಾಯಿಂದ ಬಂದ ಮಾತು ಇದು: "ತೀರಿಹೋದನಂತೆ ವಸಂತಣ್ಣ."

ಪ್ರಶ್ನೆಗಳು ನಿಂತವು. ವರ್ಷದೊಳಗೆ ನಾನು ಕಾವೂರಿನ ಮನೆ ಬಿಟ್ಟು ಬಲ್ಮಠದ ಫ್ಲ್ಯಾಟಿಗೆ ಬಂದೆ. ಅಂಗಡಿಗೆ ಹತ್ತಿರವಾಗುತ್ತದೆ ಎಂದು ಎಲ್ಲರಿಗೂ ಹೇಳಿದೆ. ಏಳು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ.

ಆ ಹುಡುಗಿಗೆ "ಹೌದು" ಎಂದ ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುತ್ತಾ ಅವರ ಬೆಲ್ ಒತ್ತಿ, "ಆ ನೋಟ್‌ಬುಕ್ ನನ್ನದಲ್ಲ, ವಸಂತಣ್ಣ ಎನ್ನುವವರದ್ದು" ಎಂದು ಹೇಳಿ, ಅವರು ಕಣ್ಣು ಬಿಡುತ್ತಿರುವಾಗಲೇ ಕಾರು ಹತ್ತಿ ಕಾವೂರಿಗೆ ಹೋದೆ.

ವಸಂತಣ್ಣ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಬಂಗುಡೆ ಮೀನು ಹಚ್ಚುತ್ತಿದ್ದರು. ಎಪ್ಪತ್ತು ದಾಟಿದ ಮುಖ, ನನ್ನನ್ನು ಕಂಡು ಅರಳಿತು. "ಓಹೋ, ಶೆಟ್ರು! ದಾರಿ ತಪ್ಪಿತಾ?" ಎಂದರು. ನಾನು ನಿಂತುಕೊಂಡೇ ಪಾಸ್‌ಪೋರ್ಟಿನ ವಿಷಯ ಹೇಳಿದೆ. ಡ್ರಾಯರು, ಒಂದೂವರೆ ತಿಂಗಳು, ಕ್ಲಬ್ಬಿನ ಮಾತು, ನಾನು ನಕ್ಕದ್ದು, ಎಲ್ಲ.

"ಅದು ಆಗಲೇ ಗೊತ್ತಿತ್ತು" ಎಂದರು, ಮೀನಿನ ಮೇಲಿಂದ ಕಣ್ಣು ತೆಗೆಯದೆ. "ವೀಸಾಕ್ಕೆ ಕೊಟ್ಟ ಫೋಟೋ ನಾಲ್ಕೂ ಒಳಗೇ ಇತ್ತು. ನಾನು ಹಾಕಿದ ಪಿನ್ನು ಸಹ ತೆಗ್ದಿರ್ಲಿಲ್ಲ ನೀವು."

"ಮತ್ತೆ ಹೊರಡುವ ದಿನ ಟಯರ್ ನೋಡ್ಲಿಕ್ಕೆ ಯಾಕೆ ಬಂದದ್ದು ವಸಂತಣ್ಣ?"

"ನಿಮಗೆ ಟಯರಿಂದು ಎಂತ ಗೊತ್ತುಂಟು? ಮನೆಯಲ್ಲಿ ನಿಮ್ಮ ಹೆಂಡತಿ ಇದ್ರು, ಮಗಳು ಆಗ ಸಣ್ಣವಳು. ಕೋಪ ಇತ್ತು, ಇಲ್ಲ ಹೇಳುವುದಿಲ್ಲ. ಆದ್ರೆ ಘಾಟಿಯಲ್ಲಿ ಬ್ರೇಕ್ ಹೋದ್ರೆ?"

ಅಲ್ಲಿಗೇ ನಿಲ್ಲಿಸಿ ಬಂದುಬಿಡಬಹುದಿತ್ತು, ಕ್ಷಮೆ ಸಿಕ್ಕಿದಂತೆಯೇ ಇತ್ತು. ಆದರೆ ಇನ್ನೊಂದು ಉಳಿದಿತ್ತು. ಯೂಸುಫನ ಊರಿಗೆ ನಾನು ಹೋಗಲೇ ಇಲ್ಲ, ಅವನು ಸತ್ತ ಸುದ್ದಿ ನನಗೆ ಯಾರೂ ಹೇಳಲಿಲ್ಲ ಎಂದೆ.

ಕತ್ತಿ ನಿಂತಿತು. ಒಂದು ಕಾಗೆ ಬಂದು ಮೀನಿನ ತಲೆ ಕಚ್ಚಿಕೊಂಡು ಹೋಯಿತು, ಓಡಿಸಲಿಲ್ಲ.

"ಅದನ್ನು ನಂಬಿದ್ದೆ" ಎಂದರು ಕೊನೆಗೆ. "ಬಂದರ್‌ನಲ್ಲಿ ಮೆಣಸಿನ ಗೋದಾಮಿನ ಹಮೀದ್ ಇದ್ದಾನಲ್ಲ, ಸೌದಿಯಲ್ಲಿ ನನ್ನೊಟ್ಟಿಗೆ ಇದ್ದವ, ಅವನಿಗೆ ಹೇಳಿ ಮಸೀದಿಯಲ್ಲಿ ಯೂಸುಫನ ಹೆಸರಲ್ಲಿ ಸತ್ತವರ ದುವಾ ಮಾಡಿಸ್ತಾ ಬಂದೆ. ವರ್ಷ ವರ್ಷ. ಏಳು ಸಲ ಆಯ್ತು." ಕತ್ತಿ ಕೆಳಗಿಟ್ಟು, "ಬದುಕಿದ್ದವನಿಗೋ ಏನೋ" ಎಂದರು.

ನನಗೆ ಬೈಯಬಹುದಿತ್ತು. ಹೊಡೆದಿದ್ದರೂ ನಿಂತುಕೊಳ್ಳುತ್ತಿದ್ದೆ. ಅವರು ಎದ್ದು ಕೈ ತೊಳೆದು ಒಳಗೆ ಹೋದರು. ಬಂದಾಗ ಕೈಯಲ್ಲಿ ಹಾಳೆ, ಪೆನ್ನು, ಮತ್ತೆ ಯೂಸುಫ್ ಎಂದೋ ಕಳಿಸಿದ್ದ ಹಬ್ಬದ ಕಾರ್ಡಿನ ಲಕೋಟೆ. ಹಿಂಬದಿಯಲ್ಲಿ ಅವನ ವಿಳಾಸ.

"ಇಂಗ್ಲಿಷಲ್ಲಿ ಬರೀರಿ. ಅಲ್ಲಿ ಯಾರಾದ್ರೂ ಓದಿ ಹೇಳ್ತಾರೆ" ಎಂದರು. "ಮೊದ್ಲು ನಿಮ್ಮ ಹೆಸರು. ಮತ್ತೆ, ಯೂಸುಫ್, ನಿಮ್ಮ ಊರಿನ ಬೋರ್ಡು ನೋಡಿಯೂ ನಿಮ್ಮ ಮನೆಗೆ ಬರ್ಲಿಲ್ಲ ಅಂತ ಬರೀರಿ. ನೀವು ಸತ್ತಿದ್ದೀರಿ ಅಂತ ವಸಂತನಿಗೆ ಸುಳ್ಳು ಹೇಳಿದೆ ಅಂತಲೂ ಬರೀರಿ. ಅದೆಲ್ಲ ನಿಮ್ಮದು. ಕೆಳಗೆ ಒಂದೇ ಗೆರೆ ನನ್ನದು: ನಾನಿದ್ದೇನೆ, ನೀನಿದ್ದೀಯಾ?"

ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಳೆ ಇಟ್ಟು ಬರೆದೆ. ಬರೆದದ್ದನ್ನು ತುಳುವಿನಲ್ಲಿ ಓದಿ ಹೇಳಿ ಎಂದರು. ನನ್ನ ವಾಕ್ಯಗಳ ನಡುವೆ ನಿಲ್ಲಿಸಿದೆ. "ಪುನಃ ಓದಿ" ಎಂದರು. ಎರಡನೆಯ ಸಲ ಪೂರ್ತಿ ಓದಿದೆ.

ಪತ್ರ ಅಂಚೆಗೆ ಬಿದ್ದು ಮೂರು ದಿನವಾಯಿತು. ಕಳಿಸಿದವರ ವಿಳಾಸ ನನ್ನದೇ ಇರಬೇಕು, ಉತ್ತರ ಬಂದರೆ ನಾನೇ ಕಾವೂರಿಗೆ ತಂದು ಓದಬೇಕು, ಬಾರದಿದ್ದರೆ ಬಂದಿಲ್ಲ ಎಂದೂ ನಾನೇ ಹೋಗಿ ಹೇಳಬೇಕು ಎಂಬುದು ವಸಂತಣ್ಣನ ಅಪ್ಪಣೆ. ಇಷ್ಟು ಬೇಗ ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ದಿನಾ ಕೆಳಗಿಳಿದು ಅಂಚೆ ಪೆಟ್ಟಿಗೆ ತೆರೆದು ನೋಡುತ್ತೇನೆ. ಬಾಯಿಮಾತಿನಲ್ಲಿ ನಾನು ಕೊಂದಿಟ್ಟ, ಮುಖವನ್ನೇ ನೋಡದ ಒಬ್ಬ ಮನುಷ್ಯ ಎಲ್ಲೋ ಬದುಕಿರಲಿ ಎಂದು ಬೇಡಿಕೊಳ್ಳುತ್ತೇನೆ.