ನಿಂಗಯ್ಯನವರ ಸೊಟ್ಟ ಕ್ರಾಪು

ಮಂಗಳವಾರ ಬೆಳಗಿನ ಜಾವ. ಕುಂಬಾರಕೊಪ್ಪಲಿನ ಪುಟ್ಟ ಸಲೂನಿನ ಬಾಗಿಲು ಅರ್ಧ ಮಾತ್ರ ಮೇಲೆದ್ದಿದೆ. ಊರಿನ ಸಲೂನುಗಳಿಗೆಲ್ಲ ಇವತ್ತು ರಜೆ. ಒಳಗೆ ನಿಂಗಯ್ಯನವರು ಕತ್ತರಿಯನ್ನು ನೀರಿನಲ್ಲಿ ಕುದಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತುತ್ತಿದ್ದಾರೆ. ಎದುರಿನ ಕನ್ನಡಿಯಲ್ಲಿ ಕಾಣುವ ಅವರ ತಲೆ ನೋಡಿದರೆ ಎಂಥವರಿಗೂ ನಗು ಬಂದೀತು. ಬಲಗಿವಿಯ ಮೇಲೊಂದು ಬೋಳು ಪಟ್ಟೆ, ನಡುನೆತ್ತಿಯಲ್ಲಿ ಇಲಿ ಕಡಿದಂಥ ಗುಂಡಿ, ಹಿಂಬದಿಯಲ್ಲಿ ಮರೆತು ಬಿಟ್ಟಂತೆ ಒಂದು ಜೊಂಪೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಈ ಬಡಾವಣೆಯ ಅತಿ ಕೆಟ್ಟ ಕ್ರಾಪು ಇರುವುದು ಕ್ರಾಪು ಹೊಡೆಯುವವರ ತಲೆಯಲ್ಲೇ.

"ಹೊಸ ಗಿರಾಕಿಗಳು ಬಾಗಿಲ ತನಕ ಬತ್ತಾರೆ, ನನ್ನ ತಲೆ ನೋಡಿ ಅಂಗೇ ವಾಪಸ್ ಹೋಯ್ತಾರೆ," ಎನ್ನುತ್ತಾರೆ ನಿಂಗಯ್ಯ. "ಅವರನ್ನ ಬೈದು ಏನು ಬಂತು? ನಾನಾಗಿದ್ರೂ ಹೋಯ್ತಿದ್ದೆ."

ಮಿಷನ್ನನ್ನು ಒಂದು ಸುತ್ತು ಓಡಿಸಿದರೆ ಎಲ್ಲ ಸಮವಾಗುತ್ತದೆ. ಹೆಂಡತಿ ಚಲುವಮ್ಮ ವಾರಕ್ಕೊಮ್ಮೆಯಾದರೂ ಅದನ್ನು ಹೇಳುತ್ತಾರೆ. ನಿಂಗಯ್ಯ ಹೂಂ ಎಂದು ಪೊರಕೆ ಹಿಡಿಯುತ್ತಾರೆ.

ಈ ತಲೆಯ ಕಥೆ ಶುರುವಾದದ್ದು ಒಂದು ಆಸ್ಪತ್ರೆಯಲ್ಲಿ. ಮೆದುಳಿನ ಆಪರೇಷನ್ನಿಗೆ ಮೊದಲು ರೋಗಿಗಳ ಕೂದಲು ತೆಗೆಯಲು ಅವರನ್ನು ಕರೆಸುತ್ತಿದ್ದರು. ಹೋಗುವುದು, ಬೋಳಿಸುವುದು, ಬರುವುದು. ಆಮೇಲೆ ಆ ರೋಗಿಗಳು ಏನಾದರು ಎಂಬುದು ಇವರಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಮಕ್ಕಳ ವಾರ್ಡಿನ ಸಿಸ್ಟರ್ ಫೋನ್ ಮಾಡಿದರು. ಸ್ವರೂಪ್ ಎಂಬ ಐದು ವರ್ಷದ ಹುಡುಗ ಮರುತಪಾಸಣೆಗೆ ಬಂದವನು ಬೆಂಚಿನ ಕೆಳಗೆ ಸೇರಿಕೊಂಡಿದ್ದ. ತಲೆಯ ಹತ್ತಿರ ಯಾರ ಕೈ ಬಂದರೂ ಕಿರುಚುತ್ತಿದ್ದ. ಗಾಯದ ಸುತ್ತ ಕೂದಲು ಜಡೆಗಟ್ಟಿ ಡಾಕ್ಟರಿಗೆ ಏನೂ ಕಾಣುತ್ತಿರಲಿಲ್ಲ.

"ಪೆಪ್ಪರಮೆಂಟು ತೋರಿಸಿದೆ, ಆಟ ಆಡಿಸಿದೆ, ಹಾಡು ಹೇಳಿದೆ. ಊಹೂಂ. ಕೊನೆಗೆ ಅವನೇ 'ಮೊದ್ಲು ನಿಂಗೆ' ಅಂದ. ಸರಿ ಕಣಪ್ಪ, ತಗೋ ಅಂತ ಮಿಷನ್ನ ಅವನ ಕೈಗೇ ಕೊಟ್ಬುಟ್ಟೆ."

ಅಂದಿನಿಂದ ಅದೇ ರೂಢಿ, ಮೊದಲು ಮಗುವಿನ ಕೈಗೆ ಇವರ ತಲೆ, ಆಮೇಲೆ ಇವರ ಕೈಗೆ ಮಗುವಿನ ತಲೆ. ವಾರದ ಆರು ದಿನ ಅಂಗಡಿ, ರಜೆಯ ದಿನ ಸಿಸ್ಟರ್ ಹೇಳಿದ ಮಕ್ಕಳ ಮನೆ. ಹತ್ತಿರದಲ್ಲೇ ಏಸಿ ಹಾಕಿದ ಸಲೂನು ಬಂದ ಮೇಲೆ ಅಂಗಡಿಗೆ ದಿನಕ್ಕೆ ಹತ್ತು ತಲೆ ಬಂದರೆ ಹೆಚ್ಚು. ನಿಂತು ನಿಂತು ಮಂಡಿ ಸವೆದಿದೆ. ಮಂಗಳವಾರವಾದರೂ ಕಾಲು ಚಾಚಿ ಮಲಗಬಾರದೇ ಎಂದು ಚಲುವಮ್ಮ ಗೊಣಗುತ್ತಲೇ ಉಪ್ಪಿಟ್ಟಿನ ಡಬ್ಬಿ ಕೈಗಿಡುತ್ತಾರೆ.

ಇವತ್ತಿನ ಬಸ್ಸು ಹೂಟಗಳ್ಳಿಗೆ. ಅಲ್ಲಿ ಏಳು ವರ್ಷದ ಸಿಂಚನ ಇದ್ದಾಳೆ. ತಲೆಯ ಹಿಂಭಾಗದಲ್ಲಿದ್ದ ಗಡ್ಡೆಯನ್ನು ತೆಗೆದು ಎರಡು ತಿಂಗಳಾಗಿದೆ. ಗೋಡೆ ಹಿಡಿದು ನಡೆಯುತ್ತಾಳೆ, ಮಾತು ಎಳೆದೆಳೆದು ಬರುತ್ತದೆ. ಎರಡೂ ದಿನದಿಂದ ದಿನಕ್ಕೆ ಸುಧಾರಿಸುತ್ತಿವೆ. ತಲೆ ಮಾತ್ರ ಮುಟ್ಟಗೊಡುವುದಿಲ್ಲ. ಗಾಯದ ಒಂದು ತುದಿ ಕೆಂಪಗಿರುವಂತಿದೆ. ನಾಳೆ ಬುಧವಾರ ಡಾಕ್ಟರು ಅದನ್ನು ನೋಡಲೇಬೇಕು. ಕೂದಲು ತೆಗೆಯಲು ಆಗದಿದ್ದರೆ ಮಗುವಿಗೆ ಇನ್ನೊಮ್ಮೆ ಅರಿವಳಿಕೆಯ ಮತ್ತು ಕೊಡಬೇಕಾಗುತ್ತದೆ.

"ಆಪರೇಷನ್ ದಿನ ಇವಳು ಮತ್ತಿನಿಂದ ಕಣ್ಣು ಬಿಡೋವರೆಗೂ ನನಗೆ ಉಸಿರಿರಲಿಲ್ಲ," ಎನ್ನುತ್ತಾರೆ ತಾಯಿ ಸುಷ್ಮಿತಾ. "ಇನ್ನೊಂದು ಸಲ ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ."

ಆದರೆ ಹೊಸಿಲಲ್ಲೇ ಅಜ್ಜಿ ಸೋಮಮ್ಮ ಅಡ್ಡ ನಿಂತಿದ್ದಾರೆ. "ಮಂಗಳವಾರ ಯಾರಾದ್ರೂ ತಲೆಗೆ ಕತ್ತರಿ ಆಕ್ತಾರಾ? ಮಗೀನ ಯಮನ ಬಾಯಿಂದ ಎಳ್ಕೊಂಡು ಬಂದಿದ್ದೀವಿ. ಇವತ್ತು ಬ್ಯಾಡ ಕಣಪ್ಪ."

ನಿಂಗಯ್ಯ ನಗುವುದಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಅವರೂ ಮಂಗಳವಾರ ದೊಡ್ಡವರ ತಲೆ ಮುಟ್ಟಿದವರಲ್ಲ. ಚಪ್ಪಲಿ ಬಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಾರೆ.

"ನಮ್ಮವ್ವನೂ ಇಂಗೇ ಏಳೋಳು ತಾಯಿ. ಅದಕ್ಕೇ ಇವತ್ತು ಮೊದ್ಲು ನನ್ ಕೂದಲು ಬೀಳ್ಲಿ. ದೋಷ ಅನ್ನೋದು ಇದ್ರೆ ಮೊದ್ಲು ಸಿಕ್ಕಿದ ತಲೆಗೆ ಅತ್ಕತದೆ. ಮಗೀಗೆ ಏನೂ ಉಳಿಯಾಕಿಲ್ಲ."

ಸೋಮಮ್ಮ ಅವರ ತಲೆಯನ್ನು ದಿಟ್ಟಿಸುತ್ತಾರೆ. ಎಷ್ಟು ಮಕ್ಕಳ ದೋಷ ಆ ತಲೆ ಹೊತ್ತಿದೆ ಎಂದು ಲೆಕ್ಕ ಹಾಕಿದರೋ ಏನೋ, ಒಳಗೆ ಹೋಗಿ ಅವರಿಗೆ ಕೂರಲು ಒಂದು ಮಣೆ ತಂದಿಡುತ್ತಾರೆ.

ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡುತ್ತಿದ್ದ ಸಿಂಚನ ಗೋಡೆ ಹಿಡಿದು ಈಚೆ ಬರುತ್ತಾಳೆ. ಮಿಷನ್ನು ಗುಂಯ್ ಎಂದಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ನಿಂಗಯ್ಯ ಅದನ್ನು ಅವಳ ಅಂಗೈಗೆ ಇಟ್ಟು ತಲೆ ಬಾಗಿಸುತ್ತಾರೆ. ಪುಟ್ಟ ಕೈ ಹಿಂದಿನ ಜೊಂಪೆಯ ಮೇಲೆ ಅಡ್ಡಾದಿಡ್ಡಿ ಓಡುತ್ತದೆ. ಬೂದು ಕೂದಲು ಮಣೆಯ ಸುತ್ತ ಬೀಳುತ್ತದೆ. ಎರಡು ತಿಂಗಳ ಮೇಲೆ ಮಗಳು ನಕ್ಕ ಸದ್ದು ಕೇಳಿ ಸುಷ್ಮಿತಾ ಅಡುಗೆಮನೆಗೆ ಹೋಗಿ ಅತ್ತು ಬರುತ್ತಾರೆ.

"ನೋವಾಯ್ತಾ ತಾತ?"

"ಇಲ್ಲ ಕಣವ್ವ."

"ಹಂಗಾದ್ರೆ ನಂಗೆ."

ಮಕ್ಕಳಿಗೆ ನಿಂಗಯ್ಯ ಮಿಷನ್ನು ಹಿಡಿಯುವುದಿಲ್ಲ, ಗಾಯದ ಮೇಲೆ ಕತ್ತಿಯನ್ನೂ ಇಡುವುದಿಲ್ಲ. ಸಿಸ್ಟರ್ ಹೇಳಿಕೊಟ್ಟಂತೆ ಕತ್ತರಿಯ ತುದಿಯಲ್ಲಿ ಒಂದೊಂದೇ ಎಳೆ ಬಿಡಿಸುತ್ತಾರೆ. ಗಾಯದ ಗೀಟಿನ ಮೇಲೆ ಕೂದಲು ಬರುತ್ತದೆಯೇ ಎಂದು ಸಿಂಚನ ಕೇಳುತ್ತಾಳೆ. ನಿಂಗಯ್ಯ ಸುಳ್ಳು ಹೇಳುವುದಿಲ್ಲ.

"ಗೀಟಿನ ಮೇಲೆ ಬರಾಕಿಲ್ಲ ಕಣವ್ವ. ಅಕ್ಕಪಕ್ಕದ್ದು ಬೆಳೆದು ಅದನ್ನ ಮುಚ್ಚಿಕತದೆ. ಜಡೆ ಹಾಕಿದ್ರೆ ನಿಂಗೂ ದೇವರಿಗೂ ಬಿಟ್ಟು ಯಾರಿಗೂ ಗೊತ್ತಾಗಾಕಿಲ್ಲ."

ಹೊರಡುವಾಗ ಸಿಂಚನ ಅವರ ತಲೆಯ ಮೇಲೆ ಕೈಯಿಟ್ಟು, ಎರಡು ತಿಂಗಳಿಂದ ಡಾಕ್ಟರ ಬಾಯಲ್ಲಿ ಕೇಳಿ ಕೇಳಿ ಬಾಯಿಪಾಠವಾದದ್ದನ್ನು ಎಳೆದೆಳೆದು ಹೇಳುತ್ತಾಳೆ. "ನೀರು ಮುಟ್ಟಿಸ್ಬೇಡಿ. ಕೆರ್‍ಕೋಬೇಡಿ. ಹದಿನೈದು ದಿನ ಬಿಟ್ಟು ಬಂದು ತೋರಿಸಿ."

ಬುಧವಾರ ಮಧ್ಯಾಹ್ನ ಸುಷ್ಮಿತಾ ಅವರ ಫೋನು ಬರುತ್ತದೆ. ಕೆಂಪು ಮೇಲುಮೇಲಿನದಂತೆ, ಮುಲಾಮು ಸಾಕಂತೆ, ಅರಿವಳಿಕೆ ಕೊಡುವ ಪ್ರಮೇಯವೇ ಬರಲಿಲ್ಲವಂತೆ. ನಿಂಗಯ್ಯ ಫೋನು ಕೆಳಗಿಟ್ಟು ಕುರ್ಚಿಯ ಮೇಲಿನ ಕೂದಲನ್ನು ಸುಮ್ಮನೆ ಎರಡು ಸಲ ಒರೆಸುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ, ಈ ಮಕ್ಕಳೆಲ್ಲ ದೊಡ್ಡವರಾಗಿ ಇದೇ ಕುರ್ಚಿಯಲ್ಲಿ ಕೂತು ಕ್ರಾಪು ಸರಿಯಾಗಲಿಲ್ಲ ಎಂದು ಜಗಳ ಆಡಬೇಕು ಎನ್ನುತ್ತಾರೆ.

ಟೀ ತಂದ ಪಕ್ಕದಂಗಡಿಯ ವಿಜಯ್‌ಕುಮಾರ್ ನಿಂಗಯ್ಯನವರ ಹಿಂದಲೆ ನೋಡಿ ಬೆಚ್ಚಿಬೀಳುತ್ತಾನೆ. "ಏನಣ್ಣ ಇದು ಅವತಾರ? ಕೊಡಿ ಇಲ್ಲಿ ಮಿಷನ್ನ, ನಾನೇ ಸಮ ಮಾಡ್ತೀನಿ."

"ಬ್ಯಾಡ ಕಣಪ್ಪ," ಎನ್ನುತ್ತಾರೆ ನಿಂಗಯ್ಯ, ತಲೆಗೆ ಅಡ್ಡ ಕೈ ಹಿಡಿದು. "ಹದಿನೈದು ದಿನ ಬುಟ್ಟು ತೋರಿಸೋಕೆ ಹೋಗ್ಬೇಕು. ನಮ್ ಡಾಕ್ಟ್ರು ಏಳವ್ರೆ."